ಹತ್ತಲ್ವಂತೆ

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂದು ಗಾದೆ ಕಟ್ಟಿದವರು ನಮ್ಮ ಮನೆಗೆ ಬಂದು ಒಂದು ವಾರ ಉಂಡು ಮಲಗಿ ನೋಡಬೇಕಿತ್ತು. ನನ್ನ ಅಪ್ಪ ಅಮ್ಮ ಜಗಳವಾದರೆ ಕೂಗಾಡುವವರಲ್ಲ, ಮಾತು ಬಿಡುವವರು. ಮಾತು ಬಿಟ್ಟರೂ ಸಂಸಾರ ನಡೆಯಬೇಕಲ್ಲ? ಗ್ಯಾಸು ಮುಗಿದಿದೆ, ನಲ್ಲಿ ಸೋರುತ್ತಿದೆ ಎಂದು ಯಾರಾದರೂ ಹೇಳಲೇಬೇಕು. ಅದಕ್ಕೆ ನಾನಿದ್ದೆ.

“ಪಲ್ಯಕ್ಕೆ ಉಪ್ಪು ಕಮ್ಮಿ ಅಂತ ನಿಮ್ಮಮ್ಮಂಗೆ ಹೇಳು.”

“ಅಮ್ಮಾ, ಉಪ್ಪು ಕಮ್ಮಿಯಂತೆ.”

“ಉಪ್ಪಿನ ಡಬ್ಬಿ ಮೂಗಿನ ಮುಂದೇ ಇದೆ, ಕೈ ಇಲ್ವಾ ಅಂತ ಕೇಳು.”

“ಅಪ್ಪಾ, ಹಾಕ್ಕೋಬೇಕಂತೆ.”

ಮೂವರೂ ಒಂದೇ ಮೇಜಿಗೆ ಕೂತು ಹೀಗೆ ಮಾತಾಡುತ್ತಿದ್ದೆವು. ನನ್ನ ಬಾಯಿಂದ ಹೊರಡುವ ಪ್ರತಿ ಮಾತಿನ ಬಾಲಕ್ಕೂ ಒಂದು ‘ಅಂತೆ’. ಅಜ್ಜಿ, ಅಂದರೆ ಅಪ್ಪನ ಅಮ್ಮ, ನನಗೆ ‘ಟಪಾಲು’ ಎಂದು ಹೆಸರಿಟ್ಟಿದ್ದಳು. ‘ಕೈ ಇಲ್ವಾ’ ಎಂಬುದನ್ನು ನಾನು ಅಪ್ಪನಿಗೆ ತಲುಪಿಸಲಿಲ್ಲ ನೋಡಿ. ಮಾತಿನ ಮುಳ್ಳು ಆರಿಸಿ ಉಳಿದದ್ದನ್ನು ಬಡಿಸುವುದು ನನ್ನ ಪದ್ಧತಿ. ನನ್ನ ಸಂಬಳದ ಕೆಲಸವೂ ಹೆಚ್ಚು ಕಡಿಮೆ ಇದೇ. ಹಲ್ಲಿನ ಡಾಕ್ಟರ ಬಳಿ ಫೋನು ಎತ್ತುತ್ತೇನೆ. ಜನ ಹತ್ತು ನಿಮಿಷ ಹಲ್ಲುನೋವಿನ ಪುರಾಣ ಹೇಳುತ್ತಾರೆ. ನಾನು ಚೀಟಿಯಲ್ಲಿ ‘ಎಡ, ಕೆಳದವಡೆ, ಬುಧವಾರ’ ಎಂದು ಬರೆದು ಒಳಗೆ ಕಳಿಸುತ್ತೇನೆ. ದೊಡ್ಡ ಮಾತನ್ನು ಚಿಕ್ಕದು ಮಾಡುವುದರಲ್ಲಿ ನನಗೆ ಹೆಮ್ಮೆಯಿತ್ತು. ಈಗ ಇಲ್ಲ.

ಅಪ್ಪನದು ಕುಶನ್ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಹದಿನೇಳು ಮೆಟ್ಟಿಲು. ಸೋಫಾ, ವ್ಯಾನಿನ ಸೀಟು, ಬೈಕಿನ ಸೀಟು, ಏನು ಹರಿದರೂ ಅಪ್ಪ ಹೊಸದಾಗಿ ಕಟ್ಟಿಕೊಡುತ್ತಾನೆ. “ಮುಖ ಮರೆತ್ರೂ ಕೂತ ಗುರುತು ಮರೆಯಲ್ಲ” ಎಂದು ಗಿರಾಕಿಗಳ ಎದುರು ಕೊಚ್ಚಿಕೊಳ್ಳುತ್ತಾನೆ. ಒಂದು ಮಧ್ಯಾಹ್ನ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ತಮ್ಮ ಹಳೇ ಬೈಕನ್ನು ಸೀಟು ಬದಲಾಯಿಸಲೆಂದು ತಳ್ಳಿಕೊಂಡು ಬಂದರು. ಬಂದವರು ಅರ್ಧ ಗಂಟೆ ಕೂತು, ಬೆನ್ನು ಹಿಡಿದುಕೊಂಡು ಎದ್ದು, “ಸೀಟು ಕಟ್ಟಿಸಿ ಯಾವ ಸುಖಕ್ಕೆ? ಗಾಡೀನೇ ಇಟ್ಕೊಳ್ಳಿ, ನೀವು ಕೊಟ್ಟಷ್ಟಕ್ಕೆ ಕೊಡ್ತೀನಿ” ಎಂದರು. ಸೀಟು ಕಟ್ಟಬೇಕಾದ ಅಪ್ಪ ಗಾಡಿಯನ್ನೇ ಕಟ್ಟಿಕೊಂಡ.

ಸಂಜೆ ಅಮ್ಮ ಕೆಲಸದಿಂದ ಬಂದಳು. ಅವಳು ಹೆರಿಗೆ ಆಸ್ಪತ್ರೆಯಲ್ಲಿ ಬಟ್ಟೆ ಕೋಣೆ ನೋಡಿಕೊಳ್ಳುತ್ತಾಳೆ. ಹಾಸಿಗೆ ಹೊದಿಕೆ, ಡಾಕ್ಟರ ಗೌನು, ಕೂಸಿನ ಬಟ್ಟೆ ಎಲ್ಲ ಮಡಚಿ ಲೆಕ್ಕ ಇಡುವುದು. ದಿನವಿಡೀ ನಿಂತು ಬಲ ಮಂಡಿ ಕೆಟ್ಟಿತ್ತು. ಅಂಗಡಿಯ ಬಾಗಿಲಲ್ಲಿ ನಿಂತ ಬೈಕನ್ನು ಅವಳು ಒಂದು ಸುತ್ತು ಬಂದು ನೋಡಿದಳು.

“ಯಾರದಿದು?”

“ನಮ್ದೇ.”

“ಯಾವಾಗಿಂದ?”

“ಮಧ್ಯಾಹ್ನದಿಂದ.”

ಅಮ್ಮ ಕೈಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿ ಕಂಬಿ ಹಿಡಿದು ಮೆಟ್ಟಿಲು ಹತ್ತಿದಳು. ಅವತ್ತಿನಿಂದ ಟಪಾಲು ಇಲಾಖೆ ತೆರೆಯಿತು.

ನಾನು ಹುಟ್ಟುವ ಮುಂಚೆ ಅಪ್ಪನಿಗೆ ಒಂದು ಬೈಕ್ ಇತ್ತು. ಹಸಿರು ಬಣ್ಣದ್ದು. ರಜೆ ಸಿಕ್ಕಿದರೆ ಸಾಕು, ಇಬ್ಬರೂ ಬ್ರೆಡ್ಡು ಮೊಟ್ಟೆ ಕಟ್ಟಿಕೊಂಡು ಊರು ಬಿಟ್ಟು ಹೋಗುತ್ತಿದ್ದರಂತೆ. ಇದು ಅಜ್ಜಿ ಹೇಳಿದ ಅಂತೆ, ನನ್ನದಲ್ಲ. ನಾನು ಹೊಟ್ಟೆಯಲ್ಲಿದ್ದಾಗ ಇಬ್ಬರೂ ಕೂತು ಮಾತಾಡಿ, ಅದನ್ನು ಮಾರಿ, ದಪ್ಪ ರೆಕ್ಸಿನ್ ಹೊಲಿಯುವ ಮಿಷನ್ ತಂದರು. ಇಪ್ಪತ್ತಾರು ವರ್ಷ ಆ ಮಿಷನ್ನೇ ನಮ್ಮನ್ನು ಸಾಕಿತು.

“ಮಾರುವಾಗ ನನ್ನ ಕೇಳಿದ್ರು, ತಗೊಳ್ಳೋವಾಗ ಕೇಳಲಿಲ್ಲ ಅಂತ ನಿಮ್ಮಪ್ಪಂಗೆ ಹೇಳು” ಎಂದಳು ಅಮ್ಮ, ಆಲೂಗೆಡ್ಡೆ ಸುಲಿಯುತ್ತ.

“ಕೇಳಿದ್ರೆ ಬೇಡ ಅಂತಿದ್ಲು ಅಂತ ಹೇಳು” ಎಂದ ಅಪ್ಪ, ಎರಡಡಿ ದೂರದಲ್ಲಿ.

“ಕೇಳಿ ನೋಡ್ಬೇಕಿತ್ತು ಅಂತ ಹೇಳು.”

ಅಜ್ಜಿ ಮಂಚದಿಂದಲೇ ಕೂಗಿದಳು: “ಲೋ, ಅರವತ್ತಕ್ಕೆ ಅರಳು ಮರಳು ಅಂತಾರೆ. ನಿಂಗೆ ಐವತ್ತಾರಕ್ಕೇ ಏನೋ ಅವಸರ?”

ಅಪ್ಪ ಜಗ್ಗಲಿಲ್ಲ. ಅಂಗಡಿ ಕೆಲಸ ಮುಗಿದ ಮೇಲೆ ಬೈಕಿನ ಮುಂದೆ ಕೂರುತ್ತಿದ್ದ. ಮೇಷ್ಟ್ರು ಟ್ಯಾಂಕಿನ ಮೇಲೆ ಒಂದು ಹದ್ದಿನ ಚಿತ್ರ ಬಿಡಿಸಿದ್ದರು. ನಮಗೆ ಅದು ಕೋಳಿಯ ಹಾಗೆ ಕಾಣುತ್ತಿತ್ತು. ಅಪ್ಪ ಮೂರು ದಿನ ಸ್ಯಾಂಡ್ ಪೇಪರ್ ಹಾಕಿ ಅದನ್ನು ಉಜ್ಜಿ ತೆಗೆದು ಹಸಿರು ಬಣ್ಣ ಬಳಿದ. ಅದು ಸರಿ ಹಸಿರಲ್ಲ ಎಂದು ಮತ್ತೆ ಉಜ್ಜಿ ಇನ್ನೊಂದು ಹಸಿರು ಬಳಿದ. ಹ್ಯಾಂಡಲ್ಲಿನ ಹಿಡಿಗಳಿಗೆ ಚರ್ಮ ಸುತ್ತಿ ಸಣ್ಣ ಹೊಲಿಗೆ ಹಾಕಿದ. ಕಡ್ಡಿ ಕಡ್ಡಿಯೂ ಹೊಳೆಯುವ ಹಾಗೆ ಚಕ್ರ ಉಜ್ಜಿದ.

“ನನ್ನ ಬೆನ್ನಿಗೆ ಒಂದಿನ ಹೀಗೆ ಎಣ್ಣೆ ತಿಕ್ಕಿದ್ದೀಯೇನೋ?” ಎಂದಳು ಅಜ್ಜಿ.

“ನಿನಗೆ ತುಕ್ಕು ಹಿಡಿದಿಲ್ವಲ್ಲಮ್ಮ.”

“ಹಿಡಿದಿರೋದು ನಿನ್ನ ತಲೆಗೆ.”

ಮೊದಲ ಸಲ ಬೈಕು ಓಡಿಸಿಕೊಂಡು ಬಂದ ದಿನ ಅಪ್ಪನ ಮುಖ ಕೆಂಪಾಗಿತ್ತು. ಊಟಕ್ಕೆ ಕೂತು ನಮ್ಮೆಲ್ಲರಿಗೂ ಕೇಳುವಂತೆ ನನಗೆ ಹೇಳಿದ: “ಸಿಗ್ನಲ್ಲಲ್ಲಿ ಬಂದಾಗ್ಬಿಡ್ತು. ಕಿಕ್ ಹೊಡೀತೀನಿ, ಹೊಡೀತೀನಿ, ಊಹೂಂ. ಹಿಂದಿದ್ದವನು ಕಿಟಕಿ ಇಳಿಸಿ, ‘ತಾತಾ, ಇಳಿದು ತಳ್ಕೊಂಡ್ ಹೋಗಿ, ಹಸಿರು ಬಂದಿದೆ’ ಅಂದ. ಗಾಡೀನೂ ಹಸಿರೇ ಕಣಪ್ಪ ಅಂದೆ.” ಅಜ್ಜಿ ಕೆಮ್ಮುವಷ್ಟು ನಕ್ಕಳು. ಅಮ್ಮ ಬೇಳೆಯ ಪಾತ್ರೆ ಎತ್ತುವ ನೆವದಲ್ಲಿ ಗೋಡೆಯ ಕಡೆ ತಿರುಗಿದಳು. ಅವಳ ಭುಜ ಕುಲುಕುತ್ತಿದ್ದದ್ದು ನನಗೆ ಮಾತ್ರ ಕಂಡಿತು. ಅದನ್ನು ಅಪ್ಪನಿಗೆ ತಲುಪಿಸಬೇಕಿತ್ತು. ಯಾರೂ ‘ಹೇಳು’ ಎನ್ನದ ಕಾರಣ ಹೇಳಲಿಲ್ಲ.

ಆ ವಾರದಿಂದಲೇ ಅಮ್ಮ ಕಸರತ್ತು ಶುರು ಮಾಡಿದಳು. ಆಸ್ಪತ್ರೆಯಲ್ಲಿ ಯಾರೋ ಹೇಳಿಕೊಟ್ಟಿದ್ದರು. ಹರಿದ ಹೊದಿಕೆಯಲ್ಲಿ ಮರಳಿನ ಎರಡು ಚೀಲ ಹೊಲಿದು, ಪಾದಕ್ಕೆ ಕಟ್ಟಿಕೊಂಡು, ಕುರ್ಚಿಯಲ್ಲಿ ಕೂತು ಕಾಲು ಎತ್ತುವಳು, ಇಳಿಸುವಳು. ಅಜ್ಜಿ ಎಣಿಸುವಳು. ಆಮೇಲೆ ಗೋಡೆ ಹಿಡಿದು ನಿಂತು ಬಲಗಾಲನ್ನು ಪಕ್ಕಕ್ಕೆ ಎತ್ತಿ ಸಣ್ಣ ಸ್ಟೂಲಿನ ಆಚೆಗೆ ದಾಟಿಸುವಳು. ಮಂಡಿನೋವಿಗೆ ಸ್ಟೂಲು ಯಾಕೆ ದಾಟಬೇಕು ಎಂದು ನಾನು ಕೇಳಲಿಲ್ಲ. ನನಗೆ ಬೆಳಿಗ್ಗೆ ಯಾವತ್ತೂ ಹೊತ್ತಾಗಿರುತ್ತಿತ್ತು.

ಹಾಗೆ ಹೊತ್ತಾಗಿದ್ದ ಒಂದು ಬೆಳಿಗ್ಗೆ ಅಪ್ಪ ಅಂಗಡಿಯಿಂದ ಕರೆದ. ಮಿಷನ್ನಿನ ಪಕ್ಕದಲ್ಲಿ ಮೇಷ್ಟ್ರ ಹಳೇ ಸೀಟು ಬಿಚ್ಚಿಟ್ಟಿದ್ದ.

“ಸೀಟಿಗೆ ಕೈ ಹಾಕ್ತಿದ್ದೀನಿ. ನಿಮ್ಮಮ್ಮನ್ನ ಒಂದು ಮಾತು ಕೇಳ್ಕೊಂಡು ಬಾ. ಅವಳು ಹತ್ತುತ್ತಾಳಾ ಅಂತ.”

ಅಷ್ಟು ಕೇಳಲು ಅವನಿಗೆ ಎಷ್ಟು ಕಷ್ಟವಾಗಿರಬೇಕು ಎಂದು ಈಗ ಅನ್ನಿಸುತ್ತದೆ. ನಾನು ಮೇಲೆ ಹೋಗಿ ಕೇಳಿದೆ. ಅಮ್ಮ ಒಲೆಯ ಮುಂದಿದ್ದಳು. ತಿರುಗಲಿಲ್ಲ.

“ಹೇಳು ನಿಮ್ಮಪ್ಪಂಗೆ. ಈ ಮಂಡಿ ವಾಸಿ ಆಗೋ ತನಕ ನಾನು ಹತ್ತಲ್ಲ. ಅಷ್ಟರೊಳಗೆ ಬ್ರೇಕು ಸರಿ ಮಾಡಿಸಿಟ್ಟಿರ್ಲಿ. ಮೊದಲಿನ ಹಾಗೆ ಕಾಲು ಊರಿ ನಿಲ್ಲಿಸೋ ಗಾಡಿ ನನಗೆ ಬೇಡ.”

ಹದಿನೇಳು ಮೆಟ್ಟಿಲು ಇಳಿಯುವಷ್ಟರಲ್ಲಿ ಡಾಕ್ಟರ ಫೋನು ಬಂತು. ಒಂದು ಕಿವಿ ಅದಕ್ಕೆ ಕೊಟ್ಟು ಅಂಗಡಿಯೊಳಗೆ ತಲೆ ಹಾಕಿದೆ.

“ಹತ್ತಲ್ವಂತೆ, ಅಪ್ಪಾ.”

ಅಪ್ಪ ಮಿಷನ್ ನಿಲ್ಲಿಸಿದ. “ಏನಂದೆ?”

“ಅಮ್ಮ ಹತ್ತಲ್ವಂತೆ.”

“ಅಷ್ಟೇನಾ?”

“ಅಷ್ಟೇ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಬಸ್ಸು ಹಿಡಿಯಲು ಓಡಿದೆ.

ಸಂಜೆ ಬಂದು ನೋಡಿದರೆ ಸೀಟಿನ ತಗಡನ್ನು ಅಪ್ಪ ಗರಗಸದಲ್ಲಿ ಅರ್ಧಕ್ಕೆ ಕೊಯ್ದಿದ್ದ. ಮುಂದಿನ ಎರಡು ವಾರ ಆ ಮುಂದಿನ ಅರ್ಧದ ಮೇಲೆ ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಸುರಿದ. ಕಂದು ಚರ್ಮ, ಉದ್ದುದ್ದ ಗೆರೆಯ ಹೊಲಿಗೆ, ಅಂಚಿಗೆ ಹಸಿರು ದಾರ. ಚೆಂದದ ಒಂಟಿ ಸೀಟು. ಹಿಂದೆ ಅಮ್ಮ ಕೂರಬೇಕಾದ ಜಾಗದಲ್ಲಿ ಸ್ಪ್ಯಾನರ್ ಇಡುವ ಚರ್ಮದ ಪೆಟ್ಟಿಗೆ. ಹಿಂದಿನ ಫುಟ್‌ರೆಸ್ಟುಗಳನ್ನೂ ಬಿಚ್ಚಿ ಗುಜರಿಗೆ ಹಾಕಿದ. ಸಿಟ್ಟಿನಲ್ಲಿ ಮಾಡಿದ ಕೆಲಸವಲ್ಲ. ಅವಳು ಬರುವುದಿಲ್ಲ ಎಂದ ಮೇಲೆ ಖಾಲಿ ಜಾಗ ಇಟ್ಟುಕೊಂಡು ಓಡಾಡುವುದು ಅವನಿಗೆ ಆಗುತ್ತಿರಲಿಲ್ಲ, ಅಷ್ಟೇ. ಅಜ್ಜಿಗೆ ಮೆಟ್ಟಿಲು ಇಳಿಯಲು ಆಗುತ್ತಿರಲಿಲ್ಲ. ಅಮ್ಮ ಅಂಗಡಿಯ ಮುಂದೆ ಹಾದುಹೋಗುವಾಗ ಬೇಕೆಂದೇ ಮುಖ ತಿರುಗಿಸಿ ಹೋಗುತ್ತಿದ್ದಳು. ನೋಡಿದವಳು ನಾನೊಬ್ಬಳೇ. ನೋಡಿ, ಚೆನ್ನಾಗಿದೆ ಅಪ್ಪಾ ಎಂದೆ. ಅಮ್ಮನ ಮಾತಿನ ಉಳಿದರ್ಧ ನನಗೆ ಮರೆತೇ ಹೋಗಿತ್ತು.

ಒಂದು ಭಾನುವಾರ ಬೆಳಿಗ್ಗೆ ಅಪ್ಪ ಬೈಕನ್ನು ಬೀದಿಗೆ ತಂದು ಒರೆಸುತ್ತಿದ್ದ. ಮೆಟ್ಟಿಲ ಮೇಲೆ ಸದ್ದಾಯಿತು. ಅಮ್ಮ ಕಂಬಿ ಹಿಡಿಯದೆ ಇಳಿದು ಬರುತ್ತಿದ್ದಳು. ಆಸ್ಪತ್ರೆಯ ಕೆಲಸದ ಪ್ಯಾಂಟು, ನನ್ನ ಹಳೇ ಶೂ, ತಲೆಗೆ ಅಜ್ಜಿಯ ಉಣ್ಣೆ ಬಟ್ಟೆ, ಕೈಯಲ್ಲಿ ಯಾರಿಂದಲೋ ಕಡ ತಂದ ಹೆಲ್ಮೆಟ್ಟು. ತಿಂಡಿಯ ಡಬ್ಬಿ ಕೂಡ ಇತ್ತು. ಬ್ರೆಡ್ಡು ಮೊಟ್ಟೆ ಇರಬೇಕು, ವಾಸನೆ ಬಂತು. ಅವಳು ಯಾರ ಕಡೆಗೂ ನೋಡದೆ, ಮುಖ ಬಿಗಿಹಿಡಿದು, ನೇರ ಬೈಕಿನ ಹಿಂಭಾಗಕ್ಕೆ ಹೋದಳು.

ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಂತಳು. ಬಗ್ಗಿ ಫುಟ್‌ರೆಸ್ಟ್ ಹುಡುಕಿದಳು.

“ನಾನೆಲ್ಲಿ ಕೂರೋದು?”

ಆರು ವಾರದ ಮೇಲೆ ಅವಳು ಅಪ್ಪನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಅಪ್ಪನ ಕೈಯ ಬಟ್ಟೆ ಹಾಗೇ ನಿಂತಿತು.

“ನೀನು ಹತ್ತಲ್ಲ ಅಂದ್ಯಲ್ಲ.”

“ಮಂಡಿ ವಾಸಿ ಆಗೋ ತನಕ ಹತ್ತಲ್ಲ, ಅಷ್ಟರೊಳಗೆ ಬ್ರೇಕು ಸರಿ ಮಾಡಿಸಿಡಿ ಅಂದಿದ್ದೆ. ವಾಸಿಯಾಯ್ತು. ಬಂದೆ.”

ಇಬ್ಬರೂ ನನ್ನ ಕಡೆ ತಿರುಗಿದರು. ಆಗ ನಿಜ ಹೇಳಿದ್ದರೆ ಒಂದು ಕಪಾಳಮೋಕ್ಷಕ್ಕೆ ಮುಗಿಯುತ್ತಿತ್ತು. ಇಪ್ಪತ್ತಾರು ವರ್ಷದ ಕತ್ತೆ ನಾನು, ಹೆದರಿದೆ.

“ನಾನು ಪೂರ್ತಿ ಹೇಳಿದ್ದೆ” ಎಂದೆ. “ಅಪ್ಪಂಗೆ ಸರಿಯಾಗಿ ಕೇಳಿಸಿಲ್ಲ ಅನ್ಸುತ್ತೆ.”

ಅಪ್ಪ ನನ್ನನ್ನು ನೋಡಿದ. ಮಿಷನ್ ನಿಲ್ಲಿಸಿ ಎರಡು ಸಲ ಕೇಳಿದ್ದವನು ಅವನು. ನನ್ನ ಮುಖದಲ್ಲಿ ಏನು ಕಂಡನೋ, ಬಟ್ಟೆ ಮಡಚುತ್ತ ಹೇಳಿದ: “ಇರ್ಬಹುದು. ಮಿಷನ್ ಓಡ್ತಿತ್ತು.”

“ಕೇಳಿಸದಿದ್ರೆ ಹದಿನೇಳು ಮೆಟ್ಲು ಹತ್ತಿ ಬಂದು ಕೇಳೋದಲ್ವಾ?” ಎಂದಳು ಅಮ್ಮ. “ಗರಗಸ ಹಾಕೋ ಮುಂಚೆ ಒಂದು ಮಾತು. ತರುವಾಗಲೂ ಕೇಳಲಿಲ್ಲ, ಕೊಯ್ಯುವಾಗಲೂ ಕೇಳಲಿಲ್ಲ.” ಹೆಲ್ಮೆಟ್ಟನ್ನು ಪೆಟ್ಟಿಗೆಯ ಮೇಲಿಟ್ಟು ಮೇಲೆ ಹೋದಳು. ಡಬ್ಬಿಯಲ್ಲಿದ್ದದ್ದನ್ನು ಮಧ್ಯಾಹ್ನ ನಾವೆಲ್ಲ ಮೇಜಿಗೆ ಕೂತು ತಿಂದೆವು.

ಅವತ್ತಿನಿಂದ ಅಮ್ಮ ‘ನಿಮ್ಮಪ್ಪಂಗೆ ಹೇಳು’ ಎನ್ನುವುದನ್ನೇ ನಿಲ್ಲಿಸಿದಳು. ಗ್ಯಾಸು ಮುಗಿದರೆ ತಾನೇ ಫೋನು ಮಾಡುವಳು. ಉಪ್ಪು ಕಮ್ಮಿಯಾದರೆ ಕಮ್ಮಿಯೇ. ಕೆಲಸದಿಂದ ಬಂದು ಕಿಟಕಿಯ ಪಕ್ಕ ಕೂತರೆ ಊಟಕ್ಕೇ ಏಳುವುದು. ಮರಳಿನ ಚೀಲ ಒಂದು ಬಾಗಿಲಿಗೆ ಒತ್ತಾಗಿ ಬಂತು, ಇನ್ನೊಂದು ಎಲ್ಲಿ ಹೋಯಿತೋ.

“ಕಾಲು ಎತ್ತೇ, ನಾನು ಎಣಿಸ್ತೀನಿ” ಎಂದು ಅಜ್ಜಿ ಕರೆಯುತ್ತಿದ್ದಳು.

“ಎತ್ತಿ ಎಲ್ಲಿಗೆ ಹೋಗ್ಬೇಕು ಅತ್ತೆ? ಅಡುಗೆ ಮನೆಗೆ ಇಷ್ಟು ಕಾಲು ಸಾಕು.”

ನನಗೆ ದಿನಾ ಹೇಳಿಬಿಡಬೇಕು ಅನ್ನಿಸುತ್ತಿತ್ತು. ಚಹಾ ಕೊಡುವಾಗ ಹೇಳೋಣ, ಬಟ್ಟೆ ಮಡಚುವಾಗ ಹೇಳೋಣ. ಒಂದು ದಿನ ಅಂಗಡಿಗೆ ಹೋಗಿ ಅಪ್ಪನ ಮುಂದೆ ನಿಂತೆ. “ಅಪ್ಪಾ, ಅವತ್ತು...” ಎಂದೆ. ಅವನು ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದ. ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟು, “ನೀನು ಹೇಳಿದ್ರೆ ಅವಳು ನಿನ್ನ ಜೊತೆ ಮಾತು ಬಿಡ್ತಾಳೆ. ನನಗೆ ರೂಢಿ ಇದೆ, ನೀನು ತಡೆಯಲ್ಲ. ಸೀಟು ಕಟ್ತಾ ಇದ್ದೀನಿ, ಎಲ್ಲಾ ಸರಿಹೋಗುತ್ತೆ, ಹೋಗು” ಎಂದ. ನಾನು ಹೋದೆ. ಹೇಳಬೇಡ ಎಂದ ಕೂಡಲೇ ಮೈ ಹಗುರವಾಯಿತಲ್ಲ, ಅದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅವನು ಸೀಟು ಕಟ್ಟುತ್ತಿದ್ದದ್ದು ನಿಜ. ಕೊಯ್ದ ತಗಡು ಕೂಡುವುದಿಲ್ಲ. ಆ ಮಾದರಿಯ ಗಾಡಿ ಬರುವುದು ನಿಂತು ಎಷ್ಟೋ ವರ್ಷವಾಗಿತ್ತು. ಗುಜರಿ ಅಂಗಡಿಗಳನ್ನು ಸುತ್ತಿ, ಸಿಗದೆ, ಕೊನೆಗೆ ಬೇರೆ ಗಾಡಿಯ ತಗಡು ತಂದು ಬಡಿದು ಬಗ್ಗಿಸಿ ಕೂರಿಸಿದ. ಹಿಂದಿನ ಫುಟ್‌ರೆಸ್ಟುಗಳನ್ನೂ ಹೊಸದಾಗಿ ಹಾಕಿದ. ಗಿರಾಕಿಗಳ ಕೆಲಸದ ನಡುವೆ ಬಿಡುವಾದಾಗಷ್ಟೇ ಇದು. ಎರಡು ತಿಂಗಳು ಹಿಡಿಯಿತು. ಹಿಂದಿನ ಭಾಗಕ್ಕೆ ಸ್ಪಂಜಿನ ಮೇಲೆ ಸ್ಪಂಜು ಹಾಕಿ, ಕತ್ತರಿಸಿ, ಮತ್ತೆ ಹಾಕಿದ. ಅಮ್ಮನ ಅಳತೆ ಕೇಳುವ ಹಾಗಿರಲಿಲ್ಲ. ಅವಳು ಕೆಲಸಕ್ಕೆ ಹೋದಾಗ ಮೇಲೆ ಬಂದು ಕಿಟಕಿಯ ಪಕ್ಕದ ಕುರ್ಚಿಯ ಮೇಲೆ ಟೇಪು ಇಟ್ಟು ನೋಡುತ್ತಿದ್ದ.

“ಏನೋ ಅಳೀತೀಯ?” ಎಂದಳು ಅಜ್ಜಿ.

“ಕೂತ ಗುರುತು.”

“ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು” ಎಂದಳು ಅಜ್ಜಿ. ಅವಳು ಹೇಳಿದ್ದು ಅಪ್ಪನಿಗೆ. ತಟ್ಟೆ ಒರೆಸುತ್ತಿದ್ದ ನಾನು ತಲೆ ಎತ್ತಲಿಲ್ಲ.

ಸೀಟು ಕೂತ ದಿನ ಸಂಜೆ ಅಪ್ಪ ತಾನೇ ಮೆಟ್ಟಿಲು ಹತ್ತಿ ಬಂದ. ಅಮ್ಮನ ಕುರ್ಚಿಯ ಮುಂದೆ ನಿಂತ.

“ಬಾ. ಒಂದು ಸಲ ಕೂತು ನೋಡು. ಬ್ರೇಕೂ ಸರಿ ಮಾಡಿಸಿದ್ದೀನಿ.”

ಅಮ್ಮ ಬೇಡ ಎಂದಳು. ಅಜ್ಜಿ, “ಕರೆಯಕ್ಕೆ ಬಾಯಿ ಬಂದಿದೆ ಅವನಿಗೆ, ಹೋಗೇ ಮಹರಾಯ್ತಿ” ಎಂದಳು. ಅಮ್ಮ ಎದ್ದಳು. ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡು ಕಾಲನ್ನೂ ಊರಿ ಇಳಿದಳು. ಅಷ್ಟರಲ್ಲೇ ನನಗೆ ತಿಳಿಯಬೇಕಿತ್ತು.

ಅಪ್ಪ ಗಾಡಿ ಚಾಲೂ ಮಾಡಿ ಕೂತ. ಅಮ್ಮ ಹೊಸ ಸೀಟಿನ ಮೇಲೆ ಅಂಗೈ ಆಡಿಸಿ ನೋಡಿದಳು. ಒತ್ತಿ ನೋಡಿದಳು. ಮುಖ ಸ್ವಲ್ಪ ಸಡಿಲವಾಯಿತು. ಅಪ್ಪನ ಭುಜ ಹಿಡಿದು ಎಡಗಾಲನ್ನು ಫುಟ್‌ರೆಸ್ಟಿಗೆ ಕೊಟ್ಟು ಬಲಗಾಲು ಎತ್ತಿದಳು. ಕಾಲು ಚಕ್ರದ ಮಟ್ಟಕ್ಕೆ ಬಂದು ನಿಂತಿತು. ಇಳಿಸಿದಳು. ಇನ್ನೊಮ್ಮೆ ಎತ್ತಿದಳು. ಮೂರನೇ ಸಲಕ್ಕೆ ನಾನು ಹೋಗಿ ಪಾದ ಹಿಡಿದು ಎತ್ತಲು ನೋಡಿದೆ. ಅವಳು ನೋವಿಗೆ ಅಪ್ಪನ ಅಂಗಿ ಮುದ್ದೆಮಾಡಿ ಹಿಡಿದಳು. ಅಪ್ಪ, “ಒಂದೇ ಕಡೆ ಕಾಲು ಹಾಕ್ಕೊಂಡು ಕೂತ್ಕೋ” ಎಂದ. ಅದಕ್ಕೂ ಮಂಡಿ ಮಡಚಲಿಲ್ಲ.

“ಬಿಡಿ” ಎಂದಳು ಅಮ್ಮ. ಉಸಿರು ಬಿಟ್ಟಳು. “ಅವತ್ತಾಗಿದ್ರೆ ಹತ್ತಿರ್ತಿದ್ದೆ.”

ಬೈಯುವ ದನಿಯಲ್ಲ. ಹಾಲು ಒಡೆದಿದೆ ಎನ್ನುವ ಹಾಗೆ ಹೇಳಿದಳು. ನನಗೆ ತಡೆಯಲಾಗಲಿಲ್ಲ.

“ಅಮ್ಮಾ, ನಾನು ಪೂರ್ತಿ ಹೇಳಿರ್ಲಿಲ್ಲ. ‘ಹತ್ತಲ್ವಂತೆ’ ಅಂತ ಅಷ್ಟೇ ಅಂದಿದ್ದೆ. ಅಪ್ಪ ಮಿಷನ್ ನಿಲ್ಲಿಸಿ ಎರಡು ಸಲ ಕೇಳಿದ್ರೂ ಅಷ್ಟೇ ಅಂದೆ.”

ಅಮ್ಮ ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು. “ನಿಮಗೆ ಗೊತ್ತಿತ್ತಲ್ಲ.”

ಅಪ್ಪ ಹ್ಯಾಂಡಲ್ ಹಿಡಿದುಕೊಂಡು ಮುಂದಿನ ಚಕ್ರವನ್ನೇ ನೋಡುತ್ತಿದ್ದ.

“ಎರಡು ತಿಂಗಳು ಈ ಮನುಷ್ಯನ ಮೇಲೆ ಹಲ್ಲು ಮಸೀತಾ ಕೂತಿದ್ದೆ” ಎಂದಳು ಅಮ್ಮ. “ಕೂತೂ ಕೂತೂ ಕಾಲು ಹೋಯ್ತು.” ಕಣ್ಣು ಒರೆಸಿಕೊಳ್ಳಲಿಲ್ಲ, ಅಳುತ್ತಲೂ ಇರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಳು. ನಾನು ಬೈಗುಳಕ್ಕೆ ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಗಾಡಿ ಚಾಲೂ ಆಗಿದೆ, ಪೆಟ್ರೋಲ್ ಯಾಕೆ ದಂಡ?” ಎಂದಳು ಕೊನೆಗೆ. “ಅವಳನ್ನ ಕೂರಿಸ್ಕೊಂಡು ಒಂದು ಸುತ್ತು ಹೋಗಿಬನ್ನಿ.”

ನಾನು ಹತ್ತಿದೆ. ಸೀಟು ಅಮ್ಮನ ಅಳತೆಯದು, ನನಗೆ ಅಗಲವಾಗಿತ್ತು. ಬೀದಿ ಮುಗಿದು ದೊಡ್ಡ ರಸ್ತೆಗೆ ಬಂದೆವು. ಮೊದಲ ತಿರುವಿನಲ್ಲಿ ಗಾಡಿ ವಾಲಿತು, ನಾನು ಗಾಬರಿಯಾಗಿ ನೆಟ್ಟಗೆ ಕೂತೆ. ಗಾಡಿ ತೂಗಾಡಿತು.

“ಗಟ್ಟಿ ಹಿಡ್ಕೋ” ಎಂದ ಅಪ್ಪ. ಸ್ವಲ್ಪ ದೂರ ಹೋದ ಮೇಲೆ ಗಾಳಿಯಲ್ಲಿ ಅವನ ಮಾತು ಮತ್ತೆ ಕೇಳಿತು: “ನಿಮ್ಮಮ್ಮ ತಿರುವು ಬಂತು ಅಂದ್ರೆ ನಾನು ಹೇಳದೇನೇ ನನ್ನ ಜೊತೆ ವಾಲ್ತಿದ್ಲು. ಹಿಂದೆ ಯಾರೋ ಕೂತಿದ್ದಾರೆ ಅಂತಲೇ ಗೊತ್ತಾಗ್ತಿರ್ಲಿಲ್ಲ.”

ಮುಂದಿನ ತಿರುವಿನಲ್ಲಿ ನಾನೂ ವಾಲಲು ನೋಡಿದೆ. ಬರಲಿಲ್ಲ.